ನೆಲಕ್ಕೆ ಅಂಟಿದ್ದು

ರೊಸಾಮೆಲ್ ಒಯಾರ್ಸೊ ದೋಣಿ ಕಟ್ಟುವ ಬಡಗಿ. ಕೈ ಚುರುಕು, ಮಾತು ಕಡಿಮೆ. ಜಂಬ ಅಂತ ಇದ್ದದ್ದು ಒಂದೇ, ತನಗೆ ಈವರೆಗೆ ಯಾರೂ ಟೋಪಿ ಹಾಕಿಲ್ಲ ಎನ್ನುವುದು. ಮರ ಕೊಳ್ಳುವಾಗ ಮೂರು ಕಡೆ ತಟ್ಟಿ ನೋಡುವ, ಕುರಿ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ಗಿರಾಕಿ ಅವನು. ಅವನ ದ್ವೀಪದೂರು ರೆಪುಕೊದ ಜನಕ್ಕೆ ಇದು ಗೊತ್ತಿದ್ದುದರಿಂದಲೇ, ಮುಂದೆ ನಡೆದದ್ದು ಅವರಿಗೆ ಅಷ್ಟು ರುಚಿಸಿತು.

ಮದುವೆಯಾಗಿ ಹನ್ನೊಂದು ವರ್ಷ ಅವನೂ ಹೆಂಡತಿ ಎಲ್ಸಿರಾಳೂ ಅತ್ತೆಯ ಮನೆಯ ಅಟ್ಟದಲ್ಲಿ ಕಾಲ ಹಾಕಿದ್ದರು. ಅಟ್ಟದ ಸೂರು ಎಷ್ಟು ತಗ್ಗೆಂದರೆ, ರೊಸಾಮೆಲ್ ಅಂಗಿ ತೊಡಬೇಕಾದರೆ ಮಂಡಿಯೂರಬೇಕಿತ್ತು. ಹಾಗಾಗಿ ಭೂಶಿರದ ಮೇಲಿನ ಔರಿಸ್ತೆಲಾ ಲೆವಿಕೊಯ್ ತನ್ನ ಜಮೀನು ಮಾರುತ್ತಾಳಂತೆ ಎಂಬ ಸುದ್ದಿ ಬಂದಾಗ ಗಂಡಹೆಂಡತಿ ಇಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟರು. ಒಬ್ಬರ ಮುಖ ಒಬ್ಬರು ನೋಡಿದರು, ಅಷ್ಟೇ.

ಔರಿಸ್ತೆಲಾಗೆ ಅರವತ್ತಾರು. ಮದುವೆಯಾದವಳಲ್ಲ. ಕುರಿ ಸಾಕಿ, ಉಣ್ಣೆ ನೂತು, ಯಾರ ಹಂಗೂ ಇಲ್ಲದೆ ಬದುಕಿದ ಹೆಂಗಸು. ಮಂಡಿ ನೋವು ಜಾಸ್ತಿಯಾಗಿ, ಕೊಲ್ಲಿಯ ಆಚೆ ದಡದಲ್ಲಿರುವ ತಮ್ಮ ಉಲ್ದಾರಿಕೊನ ಪಕ್ಕಕ್ಕೆ ಹೋಗಿಬಿಡುತ್ತೇನೆ ಎಂದು ತೀರ್ಮಾನಿಸಿದ್ದಳು. ಜಮೀನು ಐದು ಎಕರೆ. ಹನ್ನೆರಡು ಸೇಬಿನ ಮರ, ಒಂದು ಒರತೆ, ಸಮುದ್ರಕ್ಕೆ ಇಳಿಯುವ ಹಾದಿ. ನಟ್ಟನಡುವೆ ಹಳದಿ ಬಣ್ಣದ ಮರದ ಮನೆ. ಏಳು ಕಿಟಕಿ. ಎಲ್ಸಿರಾ ಆ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಯಾವ ಕಿಟಕಿಯ ಕೆಳಗೆ ಏನಿಡಬೇಕೆಂದು ವರ್ಷಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು.

ಜನವರಿಯಲ್ಲಿ ಕಾಸ್ತ್ರೊ ಪಟ್ಟಣಕ್ಕೆ ಹೋಗಿ ಪತ್ರ ಮಾಡಿಸಿದರು. ನೋಟರಿ ಮಳೆಗೆ ಸಿಕ್ಕ ಕೋಳಿಯ ಹಾಗೆ ಒಂದೇ ಓಟದಲ್ಲಿ ಓದಿ ಮುಗಿಸಿದ. ಉತ್ತರಕ್ಕೆ ಸಮುದ್ರ, ಪೂರ್ವಕ್ಕೆ ತೊರೆ, ಪಶ್ಚಿಮಕ್ಕೆ ಚಿಗ್ವಾಯ್ ಮನೆತನದ ಬೇಲಿ, ದಕ್ಷಿಣಕ್ಕೆ ಊರ ದಾರಿ. ಈ ಚಕ್ಕುಬಂದಿಯೊಳಗಿನ ನೆಲವನ್ನು "ಅದಕ್ಕೆ ಸೇರಿದ ಸಕಲ ಬಳಕೆ, ರೂಢಿ, ಹಕ್ಕು, ಹಾದಿಗಳ ಸಮೇತ" ಮಾರಲಾಗಿದೆ. ಆ ಸಾಲು ರೊಸಾಮೆಲ್‌ಗೆ ಎಷ್ಟು ಹಿಡಿಸಿತೆಂದರೆ, ಇನ್ನೊಂದು ಸಲ ಓದಿ ಎಂದು ಕೇಳಿ ಓದಿಸಿಕೊಂಡ. ವಾಪಸು ಬರುವಾಗ ದೋಣಿಯಲ್ಲಿ ಹೆಂಡತಿಗೆ ಬಾಯಿಪಾಠ ಒಪ್ಪಿಸಿದ.

"ಮನೆ ಅಂತ ಎಲ್ಲಾದ್ರೂ ಬರ್ದಿದಾರಾ?" ಎಂದಳು ಎಲ್ಸಿರಾ.

"ಸಕಲ ಅಂತ ಬರ್ದಿದಾರಲ್ಲ. ಸಕಲದಲ್ಲಿ ಮನೆ ಬರಲ್ವಾ?"

"ಬರಬಹುದಪ್ಪ. ನೀವು ಓದಿದೋರು."

ಆಲೂಗಡ್ಡೆ ಅಗೆದು ಮುಗಿಯುವವರೆಗೆ ಇಲ್ಲೇ ಇರುತ್ತೇನೆ ಎಂದು ಔರಿಸ್ತೆಲಾ ಕೇಳಿಕೊಂಡಿದ್ದಳು. ಧಾರಾಳವಾಗಿ ಇರಿ ಎಂದಿದ್ದ ರೊಸಾಮೆಲ್. ಮಾರ್ಚ್ ತಿಂಗಳ ಮೂರನೆಯ ವಾರ, ಆಲೂಗಡ್ಡೆ ಕೊಯ್ಲು ಮುಗಿಯಿತೆಂದು ತಿಳಿದ ಕೂಡಲೇ, ದೋಣಿಗೆ ಮಂಚ, ಕಬ್ಬಿಣದ ಒಲೆ, ಎರಡು ಪೆಟ್ಟಿಗೆ, ನಾಲ್ಕು ಕೋಳಿ, ಹೆಂಡತಿ ಎಲ್ಲವನ್ನೂ ಏರಿಸಿಕೊಂಡು ಭೂಶಿರದ ಕೆಳಗೆ ಬಂದಿಳಿದ. ಔರಿಸ್ತೆಲಾ ಮೆಟ್ಟಿಲ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು.

"ಏನಪ್ಪಾ ಇದು? ಮಂಚ ಹೊತ್ಕೊಂಡು ಬಂದಿದೀಯ?"

"ಆಲೂಗಡ್ಡೆ ಕೆಲ್ಸ ಮುಗೀತು ಅಂದ್ರು. ಅದಕ್ಕೇ ಬಂದ್ವಿ, ದೋನ್ಯಾ ಔರಿಸ್ತೆಲಾ," ಎಂದ, ಹಿರಿಯ ಹೆಂಗಸರಿಗೆ ಅಲ್ಲಿ ಸಲ್ಲುವ ಗೌರವದ ಮಾತು ಸೇರಿಸಿ.

"ಬನ್ನಿ ಬನ್ನಿ, ಒಳ್ಳೇದಾಯ್ತು. ಆದ್ರೆ ಮಂಚ ಎಲ್ಲಿ ಹಾಕ್ತೀಯ?"

"ಮನೇಲಿ."

"ಯಾರ ಮನೇಲಿ?"

ರೊಸಾಮೆಲ್ ಮಂಚದ ಒಂದು ತುದಿ ಹಿಡಿದು ನಿಂತಿದ್ದ. ಇನ್ನೊಂದು ತುದಿ ಎಲ್ಸಿರಾಳ ಕೈಯಲ್ಲಿತ್ತು. ಅವಳು ಮೆಲ್ಲಗೆ ತನ್ನ ತುದಿಯನ್ನು ಕೆಳಗಿಟ್ಟಳು.

"ಈ ಮನೇಲಿ," ಎಂದ ಅವನು. "ನಾನು ಕೊಂಡ್ಕೊಂಡ ಮನೇಲಿ."

ಔರಿಸ್ತೆಲಾಗೆ ನಿಜವಾಗಿಯೂ ಆಶ್ಚರ್ಯವಾಯಿತು. ನಾಟಕ ಆಡುವ ಹೆಂಗಸಲ್ಲ ಅವಳು. "ಅಯ್ಯೋ ದೇವರೇ! ನಾನು ಮಾರಿದ್ದು ನೆಲ ಕಣೋ. ಮನೆ ಮಾರ್ತೀನಿ ಅಂತ ಯಾವತ್ತು ಹೇಳ್ದೆ? ಮನೆ ನನ್ ಜೊತೆ ಬರುತ್ತೆ. ಮುಂದಿನ ಹುಣ್ಣಿಮೆ ಭರತಕ್ಕೆ ನೀರಿಗಿಳಿಸಿ ತಮ್ಮನ ಹತ್ರ ಎಳಿಸ್ಕೊಂಡು ಹೋಗ್ತೀನಿ. ಮನೆ ಮಾರಿ ನಾನೇನು ಕೊಡೆ ಹಿಡ್ಕೊಂಡು ಕೂತ್ಕೊಳ್ಳಾ?"

ಆ ದ್ವೀಪಗಳಲ್ಲಿ ಮರದ ಮನೆಗಳು ಇಡಿಯಾಗಿ ಹಗ್ಗದ ಹಿಂದೆ ನಡೆಯುತ್ತವೆ, ಈಜುತ್ತವೆ ಎಂಬುದು ರೊಸಾಮೆಲ್‌ಗೆ ಗೊತ್ತಿಲ್ಲದ್ದೇನಲ್ಲ. ಅವನೇ ಹತ್ತಾರು ಸಲ ಹಗ್ಗ ಹಿಡಿದು ಪಕ್ಕದವರ ಮನೆ ಎಳೆದಿದ್ದ. ಆದರೆ ಎಳೆಯುವ ಮನೆ ತಾನು ಕೊಂಡ ಮನೆಯೇ ಆದೀತೆಂದು ಅವನಿಗೆ ಹೊಳೆದಿರಲಿಲ್ಲ.

ಮಂಚ ದೋಣಿಗೆ ವಾಪಸಾಯಿತು. ಅತ್ತೆಯ ಮನೆಗೆ ಹೋದರೆ, ಅತ್ತೆ ಆಗಲೇ ಅಟ್ಟದ ತುಂಬ ಆಲೂಗಡ್ಡೆ ಸುರಿದಿದ್ದಳು. "ಹನ್ನೊಂದು ವರ್ಷ ಆದ್ಮೇಲೆ ಖಾಲಿ ಆಯ್ತಲ್ಲ ಅಂತ ಹಾಕಿಸ್ದೆ. ಒಂಚೂರು ಸರ್ಸಿಕೊಂಡು ಮಲ್ಗಿ," ಎಂದಳು. ಅಳಿಯನ ಮುಖ ನೋಡಿ ನಗು ತಡೆಯಲಾರದೆ ಸೆರಗಿನಂಥ ಶಾಲನ್ನು ಬಾಯಿಗೊತ್ತಿಕೊಂಡು ಹೊರಗೆ ಹೋದಳು.

ಬೆಳಗಾಗುತ್ತಲೇ ರೊಸಾಮೆಲ್ ಪತ್ರವನ್ನು ಮೇಣಬಟ್ಟೆಯಲ್ಲಿ ಸುತ್ತಿಕೊಂಡು ಕಾಸ್ತ್ರೊಗೆ ಹೊರಟ. ನೋಟರಿ ಕನ್ನಡಕದ ಮೇಲಿಂದ ನೋಡಿದ. "ಇದರಲ್ಲಿ ಗಲಾಟೆ ಏನಿದೆ? ನೆಲಕ್ಕೆ ಅಂಟಿದ್ದು ನೆಲದ್ದು. ಮರ, ಬಾವಿ, ಗೋಡೆ, ಎಲ್ಲ ನೆಲದ ಜೊತೆ ಹೋಗುತ್ತೆ. ಅಂಟದೆ ಇರೋದು, ಕುರ್ಚಿ, ಮೇಜು, ಕೋಳಿ, ಅದು ಮಾರಿದೋರದ್ದು."

"ಮನೆ?"

"ಅಂಟಿದ್ರೆ ನಿಮ್ದು."

"ಅಂಟಿಲ್ದೆ ಇದ್ರೆ?"

"ಮನೆ ಅಂಟಿಲ್ದೆ ಎಲ್ಲಿರುತ್ತೆ ಮಾರಾಯ್ರೇ?" ಎಂದ ನೋಟರಿ. ಅವನು ರಾಜಧಾನಿಯಿಂದ ಬಂದವನು. "ಅನುಮಾನ ಇದ್ರೆ ಕೋರ್ಟಿಗೆ ಹೋಗಿ. ಮೂರು ವರ್ಷದಲ್ಲಿ ತೀರ್ಪು ಬರುತ್ತೆ."

ರೊಸಾಮೆಲ್‌ಗೆ ಬೇಕಾದಷ್ಟು ಮಾತು ಸಿಕ್ಕಿತ್ತು. ಬೀದಿಗೆ ಬಂದವನೇ ಸೀದಾ ರೇಡಿಯೊ ಕಚೇರಿಗೆ ನಡೆದ. ಆ ಕಾಲಕ್ಕೆ ದ್ವೀಪಗಳಿಗೆ ಟೆಲಿಫೋನು ಬಂದಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೊದಲ್ಲಿ ಜನರ ಸಂದೇಶ ಓದುತ್ತಿದ್ದರು. ಯಾರದೋ ಹೆರಿಗೆ, ಯಾರದೋ ಸಾವು, ಕಳೆದುಹೋದ ಎತ್ತು. ಅಂದು ಕೊಲ್ಲಿಯ ಎಲ್ಲ ಮನೆಗಳಲ್ಲೂ ಜನ ಚಮಚ ಬಾಯಿಗಿಡುವ ಹೊತ್ತಿಗೆ ಹೀಗೆ ಕೇಳಿಸಿತು: "ರೆಪುಕೊದ ಔರಿಸ್ತೆಲಾ ಲೆವಿಕೊಯ್ ಅವರ ಗಮನಕ್ಕೆ. ನೆಲಕ್ಕೆ ಅಂಟಿದ್ದು ನೆಲದ್ದು. ಇದನ್ನು ನೋಟರಿಯವರೇ ಹೇಳಿದ್ದಾರೆ. ಇಂತಿ, ರೊಸಾಮೆಲ್ ಒಯಾರ್ಸೊ."

ಅವನ ದೋಣಿ ರೆಪುಕೊ ಮುಟ್ಟುವ ಹೊತ್ತಿಗೆ ದಕ್ಕೆಯ ಮೇಲೆ ಏಳೆಂಟು ಜನ ಸೇರಿದ್ದರು. ಅಲ್ಲಿ ಮಾಡಲು ಯಾರಿಗೂ ಏನೂ ಕೆಲಸವಿದ್ದಂತೆ ಕಾಣಲಿಲ್ಲ.

"ರೊಸಾಮೆಲ್, ನಿನ್ನೆ ನನ್ ಬೂಟು ನಿನ್ ಜಮೀನಿನ ಕೆಸರಿಗೆ ಅಂಟ್ಕೊಂಡ್ಬಿಡ್ತು ಕಣಯ್ಯ," ಎಂದ ಒಬ್ಬ. "ವಾಪಸು ಕೊಡ್ತೀಯೋ, ಇಲ್ಲ ಕಾನೂನು ಪ್ರಕಾರ ನಿಂದೇನಾ?"

"ಬೂಟು ಹೋದ್ರೆ ಹೋಗ್ಲಿ," ಎಂದ ಇನ್ನೊಬ್ಬ. "ನಮ್ಮತ್ತೆ ಬಂದು ಆರು ತಿಂಗ್ಳಾಯ್ತು, ನೆಲಕ್ಕೆ ಅಂಟ್ಕೊಂಡೇ ಕೂತಿದಾಳೆ. ನೋಟರಿ ಅವಳ ಬಗ್ಗೆ ಏನಾದ್ರೂ ಹೇಳಿದ್ರಾ?"

ರೊಸಾಮೆಲ್ ಯಾರ ಕಡೆಗೂ ನೋಡದೆ ಹಗ್ಗ ಕಟ್ಟಿ ನಡೆದುಬಿಟ್ಟ. ಕಿವಿ ಕೆಂಪಾಗಿತ್ತು.

ಎರಡು ದಿನ ಬಿಟ್ಟು, ಅದೇ ಊಟದ ಹೊತ್ತಿಗೆ, ರೇಡಿಯೊದಲ್ಲಿ ಉತ್ತರ ಬಂತು. "ರೊಸಾಮೆಲ್ ಒಯಾರ್ಸೊ ಅವರಿಗೆ. ಅಂಟಿದೆಯೋ ಇಲ್ಲವೋ ಮನೆಯ ಅಡಿಗೆ ಹೊಕ್ಕು ನೋಡಿ. ಭಾನುವಾರ ಆಗಬಹುದು. ಹಳೆಯ ಬಟ್ಟೆ ತೊಟ್ಟು ಬನ್ನಿ. ಇಂತಿ, ಔರಿಸ್ತೆಲಾ." ಪಾಪ, ಓದಿದವನಿಗೂ ನಗು ಬಂದು ಕೊನೆಯ ಹೆಸರು ಸರಿಯಾಗಿ ಕೇಳಿಸಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಊರೇ ಭೂಶಿರ ಹತ್ತಿತು. ಚರ್ಚಿನ ಹಿರಿಯ ದಲ್ಮಿರೊ ಚಿಗ್ವಾಯ್ ಮುಂದೆ ನಡೆದ. ಪಾದ್ರಿ ವರ್ಷಕ್ಕೆರಡು ಸಲ ಬರುವ ಊರಿನಲ್ಲಿ ಪ್ರಾರ್ಥನೆ ಹೇಳುವವನೂ ಅವನೇ, ಬೇಲಿ ಜಗಳ ಬಿಡಿಸುವವನೂ ಅವನೇ. ಪಶ್ಚಿಮದ ಬೇಲಿ ಅವನದೇ ಆದ್ದರಿಂದ ಈ ವಿಚಾರದಲ್ಲಿ ಅವನಿಗೆ ಸ್ವಲ್ಪ ಹೆಚ್ಚೇ ಆಸಕ್ತಿ ಇತ್ತು.

"ನಾನೇ ಒಳಗೆ ಹೋಗಿ ನೋಡ್ತಿದ್ದೆ," ಎಂದ ದಲ್ಮಿರೊ ಹೊಟ್ಟೆಯ ಮೇಲೆ ಕೈಯಾಡಿಸುತ್ತ. "ಆದ್ರೆ ಹೋದೋನು ನಾನೂ ಅಂಟ್ಕೊಂಡ್ಬಿಟ್ರೆ ರೊಸಾಮೆಲ್‌ಗೆ ಸೇರ್ಹೋಗ್ತೀನಿ. ನೀನೇ ಹೋಗಪ್ಪ. ಬಡಗಿ ನೀನು. ನೀನು ಹೇಳಿದ್ದನ್ನ ನಾವೆಲ್ಲ ಒಪ್ತೀವಿ. ಏನವ್ವಾ?"

"ಒಪ್ತೀನಿ," ಎಂದಳು ಔರಿಸ್ತೆಲಾ.

ರೊಸಾಮೆಲ್ ಲಾಟೀನು ಹಿಡಿದು ತೆವಳಿಕೊಂಡು ಒಳಗೆ ನುಗ್ಗಿದ. ಕತ್ತಲು, ಜೇಡರಬಲೆ, ಅರವತ್ತು ವರ್ಷದ ಒಣ ಧೂಳು. ಮನೆಯ ದಪ್ಪ ತೊಲೆಗಳು ಮೋಟು ಕಂಬಗಳ ಮೇಲೆ ಕೂತಿದ್ದವು. ಅವನು ತೆಳುವಾದ ಉಕ್ಕಿನ ಪಟ್ಟಿ ತಂದಿದ್ದ. ಮೊದಲ ಕಂಬದ ಬುಡಕ್ಕೆ ತೂರಿಸಿದ. ಕಂಬಕ್ಕೂ ಕೆಳಗಿನ ಚಪ್ಪಡಿಗೂ ನಡುವೆ ಸರಕ್ಕನೆ ಹೋಯಿತು. ಎರಡನೆಯದಕ್ಕೆ ತೂರಿಸಿದ. ಹೋಯಿತು. ಮೂರನೆಯದು, ನಾಲ್ಕನೆಯದು.

ತಲೆಯ ಮೇಲೆ ಯಾರೋ ಕಾಲಿಂದ ತಟ್ಟಿದರು. ಹಲಗೆಯ ಸಂದಿನಿಂದ ಔರಿಸ್ತೆಲಾಳ ದನಿ ಬಂತು. "ಹೋದ್ವರ್ಷ ನನ್ ಕತ್ರಿ ಅಲ್ಲೇ ಎಲ್ಲೋ ಬಿದ್ಹೋಯ್ತು. ಸಿಕ್ರೆ ತಗೊಂಬಾ. ಅದು ಅಂಟಿದ್ರೆ ನೀನೇ ಇಟ್ಕೊ."

ಅವನು ಲಾಟೀನನ್ನು ಮುಂದಕ್ಕೆ ತಳ್ಳಿದ. ಹದಿನೇಳು ಕಂಬ ಇದ್ದವು. ಒಂದಾದರೂ ಮಣ್ಣಿಗೆ ಇಳಿದಿದ್ದರೆ, ಒಂದೇ ಒಂದು ಬೇರೂರಿದ್ದರೆ, ಎಂದು ಬೇಡಿಕೊಳ್ಳುತ್ತ ಹದಿನೇಳಕ್ಕೂ ತೆವಳಿದ. ಹದಿನೇಳೂ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದವು, ಊಟಕ್ಕೆ ಬಂದು ಜಗಲಿಯ ಮೇಲೆ ಕೂತ ನೆಂಟರ ಹಾಗೆ. ದೊಡ್ಡ ತೊಲೆಯ ತುದಿಯಲ್ಲಿ ಸರಪಳಿ ತೂರಿಸಲು ಕೊರೆದ ತೂತು ಕೂಡ ಇತ್ತು; ಅಂಚು ಸವೆದು ನುಣುಪಾಗಿತ್ತು. ಈ ಮನೆ ಮೊದಲೂ ಒಮ್ಮೆ ನಡೆದಿತ್ತು.

ಕೊನೆಯ ಕಂಬದ ಪಕ್ಕ ಅವನು ಬಹಳ ಹೊತ್ತು ಮಲಗಿಕೊಂಡೇ ಇದ್ದ. ಹೊರಗೆ ಹೋಗಿ 'ಎರಡು ಕಂಬ ನೆಲದೊಳಗೆ ಹೂತಿವೆ' ಎಂದರೆ ಸಾಕು. ಯಾರು ಒಳಗೆ ಬಂದು ನೋಡುತ್ತಾರೆ? ಏಳು ಕಿಟಕಿ ಕಣ್ಣ ಮುಂದೆ ಬಂದವು. ಅಟ್ಟದ ಆಲೂಗಡ್ಡೆಯೂ ಬಂತು. ಆದರೆ ಕೈಯಲ್ಲಿದ್ದ ಉಕ್ಕಿನ ಪಟ್ಟಿಯನ್ನು ನೋಡಿದರೆ ನಾಚಿಕೆಯಾಯಿತು. ಜೀವಮಾನವೆಲ್ಲ ಸಂದು ಇದೆ, ಇಲ್ಲ ಎಂದು ಖಚಿತವಾಗಿ ಹೇಳಿಯೇ ಅವನು ಅನ್ನ ತಿಂದದ್ದು. ಅವನು ಸಂದಿಲ್ಲ ಎಂದ ದೋಣಿಗಳಲ್ಲಿ ಜನ ನಂಬಿ ಸಮುದ್ರಕ್ಕೆ ಇಳಿದಿದ್ದರು.

ಹೊರಗೆ ಬಂದಾಗ ತಲೆಯಿಂದ ಮೊಣಕಾಲಿನವರೆಗೆ ಬಲೆ, ಧೂಳು. ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ತುಕ್ಕು ಹಿಡಿದ ಕತ್ತರಿ.

"ಏನಪ್ಪಾ?" ಎಂದ ದಲ್ಮಿರೊ.

"ಅಂಟಿಲ್ಲ."

ಯಾರೂ ನಗಲಿಲ್ಲ. ಔರಿಸ್ತೆಲಾ ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಅವನ ಕೈಗೆ ಕೊಟ್ಟಳು. "ಒಳ್ಳೆ ಬಡಗಿ ಕಣೋ ನೀನು," ಎಂದಳು, ತಮಾಷೆ ಬಿಟ್ಟು.

ಮುಖ ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ರೊಸಾಮೆಲ್‌ನ ತಲೆಗೆ ಇನ್ನೊಂದು ಯೋಚನೆ ಬಂತು. ಬಟ್ಟೆ ಕೆಳಗಿಳಿಸಿದ.

"ಮನೆ ನಿಮ್ದು. ಒಪ್ಕೊಂಡೆ. ಆದ್ರೆ ಅದು ನಿಂತಿರೋ ನೆಲ ನಂದು. ಈ ಕಡೆ ನಂದು, ಆ ಕಡೆ ನಂದು, ಸಮುದ್ರದ ತನಕ ನಂದು. ನನ್ ನೆಲ ತುಳೀದೆ ಮನೇನ ಹೆಂಗೆ ತಗೊಂಡ್ಹೋಗ್ತೀರಿ?"

ಜನರ ನಡುವೆ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ದಲ್ಮಿರೊ ತಲೆ ಕೆರೆದುಕೊಂಡ. ಔರಿಸ್ತೆಲಾ ಸಮುದ್ರದ ತನಕದ ಇಳಿಜಾರನ್ನು ಕಣ್ಣಲ್ಲೇ ಅಳೆದಳು. ಆಮೇಲೆ, "ಹಾರಿಸ್ಕೊಂಡು ಹೋಗ್ತೀನಿ ಬಿಡು," ಎಂದಳು. ಆದರೆ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

ಆಗ ಎಲ್ಸಿರಾ ಬಾಯಿ ಬಿಟ್ಟಳು. "ನೀವಿಬ್ರೂ ಹಾರಿಸ್ತೀರೋ, ಮುಳುಗಿಸ್ತೀರೋ, ಇತ್ಯರ್ಥ ಮಾಡ್ಕೊಳ್ಳಿ. ಅಲ್ಲೀವರ್ಗೂ ನಾನು ಆಲೂಗಡ್ಡೆ ಜೊತೆ ಮಲ್ಗಲ್ಲ. ಮಂಚ ಇಲ್ಲಿಗೇ ತರ್ತೀನಿ."

"ತಾ ಮಗಳೇ," ಎಂದಳು ಔರಿಸ್ತೆಲಾ ತಕ್ಷಣ. "ಹಿಂದಿನ ಕೋಣೆ ಖಾಲಿ ಬಿದ್ದಿದೆ. ಅವನ ನೆಲದ ಮೇಲೆ ನನ್ ಮನೆ ಕೂತಿದೆ, ನನ್ ಮನೇಲಿ ಅವನು ಕೂತ್ಕೊಳ್ಲಿ. ಅಲ್ಲಿಗಲ್ಲಿಗೆ ಸರಿಹೋಯ್ತು."

ಹೀಗೆ ಮೂವರೂ ಒಂದೇ ಸೂರಿನ ಕೆಳಗೆ ಬಿದ್ದರು. ಹತ್ತೊಂಬತ್ತು ದಿನ. ಹೊರಗೆ ಬಿಡದೆ ಜಿಟಿಜಿಟಿ, ಒಳಗೆ ಒಲೆಯ ಸುತ್ತ ಮೂರು ಕುರ್ಚಿ. ಔರಿಸ್ತೆಲಾ ಪ್ರತಿ ಬೆಳಗ್ಗೆ ಬಾಗಿಲಲ್ಲಿ ನಿಂತು ಕೈಮುಗಿಯುವಂತೆ ಮಾಡಿ, "ಭೂಮಾಲೀಕರೇ, ತಮ್ಮ ಮರದಿಂದ ಒಂದು ಸೇಬು ಕಿತ್ಕೊಳ್ಲಾ? ತಮ್ಮ ಒರತೆಯಿಂದ ಒಂದು ಬಿಂದಿಗೆ ನೀರು ತರ್ಲಾ?" ಎಂದು ಅಪ್ಪಣೆ ಕೇಳುವಳು. ರೊಸಾಮೆಲ್ ಗಂಭೀರವಾಗಿ, "ಒಂದು ಸಾಕು," ಎನ್ನುವನು. ಅವಳು ಬುಟ್ಟಿ ತುಂಬ ತರುವಳು.

ಒಂದು ಮಧ್ಯಾಹ್ನ ಸೂರು ಸೋರತೊಡಗಿತು. ರೊಸಾಮೆಲ್ ಕುರ್ಚಿಯಿಂದ ಏಳಲಿಲ್ಲ.

"ಸೂರು ನಿಮ್ದು, ದೋನ್ಯಾ ಔರಿಸ್ತೆಲಾ. ನೀವೇ ಮುಚ್ಕೊಳ್ಳಿ."

"ಸೂರು ನಂದೇ. ನೀರು ಬೀಳ್ತಿರೋದು ಮಾತ್ರ ನಿನ್ ಮಂಚದ ಮೇಲೆ."

ಅವನು ಗೊಣಗಿಕೊಂಡು ಏಣಿ ಹತ್ತಿದ. ಒಂದು ಹಲಗೆ ಬದಲಿಸಲು ಹೋದವನು ಹದಿನೈದು ಬದಲಿಸಿ ಇಳಿದ. ಮರುದಿನ ಬಾಗಿಲ ತಿರುಗಣಿ ಸರಿಮಾಡಿದ. ಅದರ ಮರುದಿನ ಯಾರೂ ಹೇಳದೆಯೇ ಮೂಲೆಯ ಕಂಬಕ್ಕೆ ಆಧಾರ ಕೊಟ್ಟ. ಬಡಗಿಯ ಕಣ್ಣು ಮರದ ಮೇಲೆ ಬಿದ್ದರೆ ಸುಮ್ಮನಿರುವುದಿಲ್ಲ. ಮೊಳೆಯೇ ಇಲ್ಲದೆ ತೊಲೆಗೆ ತೊಲೆ ಕಚ್ಚಿಸಿದ್ದ ಆ ಕೆಲಸ ನೋಡಿ ಅವನಲ್ಲಿ ಹೊಟ್ಟೆಕಿಚ್ಚೂ ಭಕ್ತಿಯೂ ಒಟ್ಟಿಗೆ ಏಳುತ್ತಿದ್ದವು.

"ಯಾರು ಕಟ್ಟಿದ್ದು ಇದನ್ನ?"

"ನಮ್ಮಪ್ಪ. ಇಲ್ಲಲ್ಲ, ಆಚೆ ದಡದಲ್ಲಿ," ಎಂದಳು ಔರಿಸ್ತೆಲಾ, ಮಾಟೆ ಎನ್ನುವ ಕಹಿ ಎಲೆಚಹಾದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತ. "ದೊಡ್ಡಪ್ಪನ ಜೊತೆ ಒಂದು ಕುರಿಗೋಸ್ಕರ ಜಗಳ ಆಡ್ಕೊಂಡು, ನಿಮ್ ಮುಖ ನೋಡಲ್ಲ ಅಂತ ಮನೇನೇ ಎಳ್ಕೊಂಡು ಈ ಕಡೆ ಬಂದ್ಬಿಟ್ಟ. ನಂಗಾಗ ಆರು ವರ್ಷ. ಅಮ್ಮ ಒಲೆ ಆರಿಸಲ್ಲ ಅಂತ ಹಠ ಹಿಡಿದ್ಲು. ನಾವಿಬ್ರೂ ಒಳಗೇ ಕೂತಿದ್ವಿ. ಸಮುದ್ರದ ಮಧ್ಯದಲ್ಲಿ ಅಮ್ಮ ಆಲೂಗಡ್ಡೆ ರೊಟ್ಟಿ ಸುಟ್ಳು. ಅಷ್ಟು ರುಚಿಯಾದ ರೊಟ್ಟಿ ಮತ್ತೆ ಯಾವತ್ತೂ ತಿಂದಿಲ್ಲ." ಬುರುಡೆಯನ್ನು ಅವನ ಕೈಗೆ ದಾಟಿಸಿದಳು. "ಕುರಿ ಆಮೇಲೆ ಬೇಲಿಯೊಳಗೇ ಸಿಕ್ತು."

ಹುಣ್ಣಿಮೆ ಹತ್ತಿರವಾಯಿತು. ಹಾದಿಯ ಮಾತನ್ನು ಯಾರೂ ಎತ್ತಲಿಲ್ಲ. ದಲ್ಮಿರೊ ಎರಡು ಸಲ ಬೇಲಿಯ ಆಚೆಯಿಂದ ಕೆಮ್ಮಿ, ಎರಡು ಸಲವೂ ಹಾಗೇ ಹೋದ. ಔರಿಸ್ತೆಲಾ ಕೇಳಲೊಲ್ಲಳು, ರೊಸಾಮೆಲ್ ಕೊಡಲೊಲ್ಲ. ಹದಿನೆಂಟನೆಯ ದಿನ ಔರಿಸ್ತೆಲಾ ಕುರಿಗಳ ಹತ್ತಿರ ಹೋಗಿದ್ದಾಗ ಅವನು ಮೇಣಬಟ್ಟೆ ಬಿಚ್ಚಿ ಪತ್ರವನ್ನು ಇನ್ನೊಮ್ಮೆ ಓದತೊಡಗಿದ. ಪಾರಾಗುವ ದಾರಿ ತನಗೋ ಅವಳಿಗೋ ಅದರಲ್ಲಿ ಎಲ್ಲಾದರೂ ಇದೆಯೇನೋ ಎಂದು ಹುಡುಕುತ್ತಿದ್ದ.

"ಸಕಲ ಬಳಕೆ, ರೂಢಿ, ಹಕ್ಕು, ಹಾದಿ..."

"ಓದಿದ್ದೇ ಓದ್ತೀರಲ್ಲ," ಎಂದಳು ಎಲ್ಸಿರಾ, ಕಾಲುಚೀಲ ಹೊಲಿಯುತ್ತ. "ರೂಢಿ ಅಂದ್ರೆ ಏನು?"

"ಊರಲ್ಲಿ ಹಿಂದಿಂದ ನಡ್ಕೊಂಡು ಬಂದದ್ದು."

"ನಮ್ಮೂರಲ್ಲಿ ಯಾರಾದ್ರೂ ಮನೆಗೆ ಹಾದಿ ಕೊಡಲ್ಲ ಅಂದದ್ದಿದೆಯಾ?"

ಅವನು ಯೋಚಿಸಿದ. ಬಾರಿಯಾ ಮನೆತನದ ಮನೆ ಹೋಗುವಾಗ ಪಕ್ಕದ ಜಮೀನಿನ ಮನ್ಸಿಯಾ ತನ್ನ ಗೋಧಿ ಪೈರನ್ನೇ ತುಳಿಸಿದ್ದ. ವಿಧವೆ ನೌತೊಳ ಮನೆ ಹೋಗುವಾಗ, ಅವಳೊಂದಿಗೆ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿದ್ದ ಮೈದುನ ಬೇಲಿ ಕಿತ್ತು ಕೊಟ್ಟು, ಹಗ್ಗ ಎಳೆದು, ಊಟ ಮಾಡಿ, ಮಾತಾಡದೆ ಮನೆಗೆ ಹೋಗಿದ್ದ.

"ಇಲ್ಲ," ಎಂದ ಕೊನೆಗೆ.

"ಹಾಗಾದ್ರೆ ಆ ರೂಢೀನೂ ನೆಲದ ಜೊತೇಲಿ ನೀವೇ ಕೊಂಡ್ಕೊಂಡಿದೀರಿ. ಪತ್ರದಲ್ಲೇ ಇದೆ. ನೀವೇ ಎರಡು ಸಲ ಓದ್ಸಿದ್ರಿ."

ರೊಸಾಮೆಲ್ ಪತ್ರ ನೋಡಿದ, ಹೆಂಡತಿಯನ್ನು ನೋಡಿದ. ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಅವಳಿಗಾಗಿಯೇ ಅಲ್ಲವೇ ಈ ಏಳು ಕಿಟಕಿಗಳಿಗೆ ಇಷ್ಟು ಗುದ್ದಾಡಿದ್ದು ಎಂದು ಕೇಳಬೇಕೆನಿಸಿತು; ಪತ್ರವನ್ನು ಮತ್ತೆ ಮೇಣಬಟ್ಟೆಯಲ್ಲಿ ಸುತ್ತಿಟ್ಟ.

ಸಂಜೆ ಔರಿಸ್ತೆಲಾ ಬಂದ ಮೇಲೆ ಅವನು ಗಂಟಲು ಸರಿಮಾಡಿಕೊಂಡ. "ಹಾದಿ ಕೊಡ್ತೀನಿ. ಆದ್ರೆ ಒಂದು ಮಾತು. ನೀರಿಗಿಳಿಸೋ ಕೆಲಸ ನಾನು ಹೇಳ್ದಂಗೇ ನಡೀಬೇಕು. ನಮ್ಮೂರೋರಿಗೆ ಎಳೆಯೋದು ಗೊತ್ತು, ತೇಲಿಸೋದು ಗೊತ್ತಿಲ್ಲ. ಇಷ್ಟು ಒಳ್ಳೆ ಮರಾನ ಹಾಳು ಮಾಡ್ತಾರೆ."

"ಇದನ್ನ ಹೇಳೋಕೆ ಹದ್ನೆಂಟು ದಿನ ಬೇಕಾಯ್ತಾ?" ಎಂದಳು ಔರಿಸ್ತೆಲಾ. ಹಾಗೆಂದವಳು ಒಲೆಯ ಕಡೆ ತಿರುಗಿ, ಬೆಂಕಿ ಚೆನ್ನಾಗಿಯೇ ಇದ್ದರೂ, ಬಹಳ ಹೊತ್ತು ಕೆದಕುತ್ತಲೇ ಇದ್ದಳು.

ಮರುದಿನ ಮುಯ್ಯಾಳುಗಳು ಬಂದರು. ಈ ಮುಯ್ಯಿ ಕೆಲಸಕ್ಕೆ ಅಲ್ಲಿಯವರು ಮಿಂಗಾ ಎನ್ನುತ್ತಾರೆ. ಕೂಲಿ ಇಲ್ಲ, ಊಟ ಉಂಟು, ಇವತ್ತು ನಿನ್ನ ಮನೆ, ನಾಳೆ ನನ್ನದು. ಹನ್ನೊಂದು ಜೋಡಿ ಎತ್ತು, ಅರವತ್ತು ಜನ. ಕಂಬಗಳನ್ನು ತಟ್ಟಿ ಬೀಳಿಸಿ, ಮನೆಯನ್ನು ಎರಡು ಉದ್ದ ದಿಮ್ಮಿಗಳ ಮೇಲೆ ಕೂರಿಸಿದರು. ಸರಪಳಿ ಹಳೆಯ ತೂತಿನಲ್ಲೇ ನುಗ್ಗಿತು. ದಲ್ಮಿರೊ ಶಿಲುಬೆಯ ಗುರುತು ಮಾಡಿ ಕೂಗಿದ. ಅರವತ್ತು ಗಂಟಲು ಒಟ್ಟಿಗೆ ಕೂಗಿದವು. ಮನೆ ನರಳಿತು, ಅಲುಗಿತು, ಹೊರಟಿತು.

ಇಳಿಜಾರಿನಲ್ಲಿ ಒಂದು ಸೇಬಿನ ಮರ ಅಡ್ಡವಾಯಿತು. ಎತ್ತುಗಳನ್ನು ನಿಲ್ಲಿಸಿದರು. ಎಲ್ಲರೂ ರೊಸಾಮೆಲ್‌ನ ಕಡೆ ನೋಡಿದರು. ಮರ ಅವನದು, ಅದಂತೂ ನಿಜವಾಗಿಯೂ ನೆಲಕ್ಕೆ ಅಂಟಿತ್ತು.

"ಕಡಿ ಕಡಿ, ಯೋಚ್ನೆ ಮಾಡ್ಬೇಡ," ಎಂದು ಕಿಟಕಿಯಿಂದ ಔರಿಸ್ತೆಲಾ ಕೂಗಿದಳು. ಒಳಗೇ ಕೂತೇ ಹೋಗುತ್ತೇನೆಂದು ಅವಳೂ ಹಠ ಹಿಡಿದಿದ್ದಳು. "ಹನ್ನೆರಡರಲ್ಲಿ ಅದೇ ಹುಳಿ!"

ಅವನೇ ಕೊಡಲಿ ತೆಗೆದುಕೊಂಡು ಕಡಿದ.

ನೀರು ಇಳಿದ ದಡದ ಮೇಲೆ ಮನೆಯನ್ನು ತಂದು ನಿಲ್ಲಿಸಿ, ಸುತ್ತ ಖಾಲಿ ಪೀಪಾಯಿ ಕಟ್ಟಿ ಭರತಕ್ಕೆ ಕಾದರು. ಎಲ್ಲಿ ಎಷ್ಟು ಪೀಪಾಯಿ, ಯಾವ ಗಂಟು, ಯಾವ ದೋಣಿ ಎಡಕ್ಕೆ, ಯಾವುದು ಬಲಕ್ಕೆ, ಎಲ್ಲ ರೊಸಾಮೆಲ್‌ನ ಆಜ್ಞೆ. ಮಾತು ಕಡಿಮೆಯವನು ಅಂದು ಕೂಗಿ ಕೂಗಿ ದನಿ ಕಳೆದುಕೊಂಡ. ನೀರು ಏರಿತು, ಮನೆ ಒಂದು ಕಡೆ ಎದ್ದು, ಇನ್ನೊಂದು ಕಡೆ ಎದ್ದು, ತೇಲಿತು. ಎರಡು ಮೋಟಾರು ದೋಣಿ, ಆರು ಹುಟ್ಟಿನ ದೋಣಿ ಎಳೆದವು. ಹೊಗೆಕೊಳವೆಯಿಂದ ಹೊಗೆ ಏಳುತ್ತಿತ್ತು. ನಡು ಕೊಲ್ಲಿಯಲ್ಲಿ ಅಡುಗೆಮನೆಯ ಕಿಟಕಿ ತೆರೆಯಿತು. ಔರಿಸ್ತೆಲಾ ಉದ್ದ ಕೋಲಿನ ತುದಿಗೆ ಬುಟ್ಟಿ ಸಿಕ್ಕಿಸಿ, ರೊಸಾಮೆಲ್‌ನ ದೋಣಿಗೆ ಬಿಸಿ ಆಲೂಗಡ್ಡೆ ರೊಟ್ಟಿ ದಾಟಿಸಿದಳು. ಅವನು ಒಂದು ತಿಂದು, ಉಳಿದದ್ದನ್ನು ಹುಟ್ಟು ಹಾಕುವವರಿಗೆ ಕೊಟ್ಟ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು ಎಂದು ಆಮೇಲೆ ಹೇಳಿದ, ಯಾರೂ ನಂಬಲಿಲ್ಲ.

ಆಚೆ ದಡದಲ್ಲಿ ಉಲ್ದಾರಿಕೊ ಎರಡು ಕುರಿ ಕಡಿಸಿದ್ದ. ಕತ್ತಲಾಗುವ ಮೊದಲೇ ಮನೆ ಮೇಲೇರಿ ಕೂತಿತು.

ಮರುದಿನ ರೊಸಾಮೆಲ್, ಎಲ್ಸಿರಾ ಭೂಶಿರಕ್ಕೆ ಮರಳಿದರು. ಮನೆಯಿದ್ದ ಜಾಗದಲ್ಲಿ ಹುಲ್ಲೇ ಇಲ್ಲದ ಒಣ ಚೌಕ. ಹದಿನೇಳು ಚಪ್ಪಡಿ. ಮಂಚ, ಒಲೆ, ಕೋಳಿ ಎಲ್ಲ ಬಯಲಲ್ಲಿ ನಿಂತಿದ್ದವು. ರೊಸಾಮೆಲ್ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಸಮುದ್ರ ನೋಡಿದ.

ಎಲ್ಸಿರಾ ಒಂದು ಚಪ್ಪಡಿಯನ್ನು ಕಾಲಿಂದ ಒದ್ದಳು. ಅದು ಅಲುಗಲಿಲ್ಲ. "ಇದು ಅಂಟಿದೆ," ಎಂದಳು. "ಇದು ನಮ್ದು."

ಅವನಿಗೆ ಮಾರ್ಚ್ ತಿಂಗಳಿಂದೀಚೆಗೆ ಮೊದಲ ಸಲ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ಬೇಲಿಯ ಆಚೆ ದಲ್ಮಿರೊ ಎತ್ತು ನಿಲ್ಲಿಸಿ, ಇವರಿಗೆ ತಲೆ ಕೆಟ್ಟಿತೋ ಹೇಗೆ ಎಂದು ನೋಡಿದ.

ಹಾಯಿಬಟ್ಟೆಯ ಗುಡಾರ ಹಾಕಿಕೊಂಡು ಹತ್ತು ದಿನ ಕಳೆಯುವಷ್ಟರಲ್ಲಿ ಔರಿಸ್ತೆಲಾ ದೋಣಿಯಲ್ಲಿ ಬಂದಿಳಿದಳು. ಭೂಶಿರದ ಕೆಳಗಿನ ಬಂಡೆಗಳ ಸಮುದ್ರಸೊಪ್ಪು ಕೀಳಲು ಬಂದೆ ಎಂದಳು. ದಡ ಯಾರ ಪತ್ರಕ್ಕೂ ಸೇರಿದ್ದಲ್ಲವಷ್ಟೆ. ಆದರೆ ಬುಟ್ಟಿ ತುಂಬಿದ ಮೇಲೂ ಹೋಗಲಿಲ್ಲ. ಗುಡಾರದ ಮುಂದೆ ಕೂತು, ಮಾಟೆ ಕುಡಿದು, ಕೊನೆಗೆ ಬಾಯಿ ಬಿಟ್ಟಳು.

"ಮನೆ ತಿರುಗ್ಸಿ ಇಟ್ಬಿಟ್ಟಿದೀರಿ ಕಣೋ."

"ಹಂಗಂದ್ರೆ?"

"ಅಡುಗೆಮನೆಗೆ ಬೆಳಗ್ಗಿನ ಬಿಸಿಲು ಬರ್ತಿತ್ತು. ಈಗ ಅಲ್ಲಿ ಉಲ್ದಾರಿಕೊನ ಹಂದಿಗೂಡು ಕಾಣುತ್ತೆ. ಬೆಳಿಗ್ಗೆ ಎದ್ದು ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ. ಅರವತ್ತು ವರ್ಷ ನೋಡಿದ ಬಿಸಿಲು."

"ಬಿಸಿಲು ನೆಲದ್ದು, ದೋನ್ಯಾ ಔರಿಸ್ತೆಲಾ," ಎಂದ ರೊಸಾಮೆಲ್. "ಮಾರಿಬಿಟ್ರಿ."

ಅವಳು ನಗಲು ನೋಡಿದಳು, ಆಗಲಿಲ್ಲ. ಅದನ್ನು ಕಂಡು ಅವನಿಗೆ ಕಸಿವಿಸಿಯಾಯಿತು. ಎದ್ದು ಉಪಕರಣಗಳ ಪೆಟ್ಟಿಗೆ ಎಳೆದ. "ಭಾನುವಾರ ಬರ್ತೀನಿ. ಎಂಟು ಜನ ಸಾಕು, ಸನ್ನೆಕೋಲು ನಾನೇ ತರ್ತೀನಿ. ಎಷ್ಟು ತಿರುಗ್ಸಬೇಕು ಅಂತ ನೀವೇ ಹೇಳ್ಬೇಕು."

ಭಾನುವಾರ ಎಂಟರ ಬದಲು ಇಪ್ಪತ್ತು ಜನ ಬಂದರು. ತಮಾಷೆ ತಪ್ಪಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಔರಿಸ್ತೆಲಾ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಹೊರಗೆ ಜನ ಸನ್ನೆಕೋಲಿಗೆ ಹೆಗಲು ಕೊಟ್ಟರು. ಮನೆ ಗೇಣು ಗೇಣಾಗಿ ತಿರುಗಿತು. "ಇನ್ನೊಂಚೂರು," ಎನ್ನುವಳು ಅವಳು ಒಳಗಿನಿಂದ. "ಇನ್ನೊಂಚೂರು. ಹಂದಿ ಇನ್ನೂ ಕಾಣ್ತಿದೆ." ಮೂರನೆಯ ಸಲ ಬೆನ್ನು ಹಿಡಿದುಕೊಂಡ ದಲ್ಮಿರೊ, ಮನೆ ತಿರುಗಿಸುವ ಬದಲು ಹಂದಿಯನ್ನು ಕೊಯ್ದುಬಿಟ್ಟರೆ ಎಲ್ಲರಿಗೂ ಲಾಭವಲ್ಲವೇ ಎಂದು ಕೇಳಿದ. ಕೊನೆಗೆ ಒಳಗೆ ಸದ್ದಿಲ್ಲವಾಯಿತು. ರೊಸಾಮೆಲ್ ಕಿಟಕಿಯಲ್ಲಿ ಇಣುಕಿದ. ಔರಿಸ್ತೆಲಾಳ ಮಡಿಲಿನ ಮೇಲೆ, ಕೈಗಳ ಮೇಲೆ ಬಿಸಿಲು ಬಿದ್ದಿತ್ತು.

"ಸಾಕು," ಎಂದಳು.

ಅಂದು ಊಟ ಮುಗಿದ ಮೇಲೆ ಮುಂದಿನ ಮಿಂಗಾ ಯಾರದೆಂದು ಯಾರೂ ಕೇಳಬೇಕಾಗಲಿಲ್ಲ. ಮಳೆಗಾಲ ಕಳೆದು ಸೆಪ್ಟೆಂಬರ್ ಬರುತ್ತಲೇ ರೆಪುಕೊದ ಜನ ಮರ ಕಡಿದು ಭೂಶಿರಕ್ಕೆ ಸಾಗಿಸಿದರು. ಔರಿಸ್ತೆಲಾ ಆಚೆಯಿಂದ ಇಬ್ಬರು ಸೋದರಳಿಯಂದಿರನ್ನೂ ಒಂದು ಕುರಿಯನ್ನೂ ಕಳಿಸಿದಳು. ತಾನು ಬರಲಿಲ್ಲ, ಮಂಡಿ ನೋವು ಎಂದು ಹೇಳಿ ಕಳಿಸಿದಳು. ಎಲ್ಸಿರಾ ಮೂರು ದಿನ ನಲವತ್ತು ಜನಕ್ಕೆ ಬೇಯಿಸಿ ಹಾಕಿದಳು. ರೊಸಾಮೆಲ್ ನಾಲ್ಕೇ ಕಿಟಕಿಯ ಮನೆ ಕಟ್ಟಿದ. ಅಷ್ಟಕ್ಕೇ ಗಾಜು ಸಿಕ್ಕಿದ್ದು.